ಮುಲ್ಜಿಮ್ ಮತ್ತು ಮುಜ್ರಿಮ್

ಏಳನೆಯ ತರಗತಿಯವರೆಗೆ ನಾನು ಓದಿದ್ದು ಸರ್ಕಾರಿ ಉರ್ದು ಶಾಲೆಯಲ್ಲಿ. ಪ್ರತಿ ಗುರುವಾರ ನಮಗೆ ಇಮ್ಲಾ ಇರುತ್ತಿತ್ತು. ಕನ್ನಡ ಶಾಲೆಯವರು ಉಕ್ತಲೇಖನ ಎನ್ನುತ್ತಾರಲ್ಲ, ಅದೇ. ಉಸ್ತಾದರು ಬೆಂಚುಗಳ ನಡುವೆ ಓಡಾಡುತ್ತಾ ಒಂದೊಂದೇ ಪದ ಹೇಳುತ್ತಿದ್ದರು, ನಾವು ಸ್ಲೇಟಿನ ಮೇಲೆ ಬರೆಯಬೇಕಿತ್ತು. ಒಂದು ದಿನ ಅವರು 'ಮುಲ್ಜಿಮ್' ಎಂದರು. ನಾನು 'ಮುಜ್ರಿಮ್' ಎಂದು ಬರೆದೆ. ಕಿವಿಗೆ ಎರಡೂ ಅಕ್ಕಪಕ್ಕದ ಪದಗಳೇ. ಕನ್ನಡದಲ್ಲಿ ಬರೆದರೆ ಎರಡಕ್ಕೂ ಒಂದೇ 'ಜ'. ಉರ್ದುವಿನಲ್ಲಿ ಮಾತ್ರ ಮೊದಲನೆಯದಕ್ಕೆ 'ಜೇ', ಎರಡನೆಯದಕ್ಕೆ 'ಜೀಮ್'. ಉಸ್ತಾದರು ನನ್ನ ಸ್ಲೇಟನ್ನು ಎತ್ತಿ ಹಿಡಿದು, "ನೋಡಿ, ಈ ನವಾಬ ಸಾಕ್ಷಿ ಕೇಳಲಿಲ್ಲ, ವಕೀಲನನ್ನು ಕರೆಸಲಿಲ್ಲ, ಕೂತಲ್ಲೇ ಒಬ್ಬನನ್ನು ಜೈಲಿಗೆ ಹಾಕಿಬಿಟ್ಟ" ಎಂದರು. ತರಗತಿಯೆಲ್ಲ ನಕ್ಕಿತು. ಆಮೇಲೆ ಅವರು ಬೋರ್ಡಿನ ಮೇಲೆ ಎರಡೂ ಪದಗಳನ್ನು ಬರೆದು ವಿವರಿಸಿದರು. ಇಲ್ಜಾಮ್ ಹೊತ್ತವನು ಮುಲ್ಜಿಮ್, ಜುರ್ಮ್ ಮಾಡಿದವನು ಮುಜ್ರಿಮ್. ಎರಡರ ನಡುವೆ ಅವರು ಸೀಮೆಸುಣ್ಣದಲ್ಲಿ ಒಂದು ಉದ್ದ ಗೆರೆ ಎಳೆದು, "ಇದು ಅದಾಲತ್. ಇದನ್ನು ದಾಟಿಸುವ ಅಧಿಕಾರ ನಿನಗೂ ಇಲ್ಲ, ನನಗೂ ಇಲ್ಲ" ಎಂದರು.

ಮುಂದೆ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋದಾಗ ಅದೇ ಜೋಡಿ 'ಆರೋಪಿ', 'ಅಪರಾಧಿ' ಎಂಬ ಹೆಸರಿನಲ್ಲಿ ಸಿಕ್ಕಿತು. ಎರಡು ಭಾಷೆಗಳಲ್ಲಿ ಕಲಿತ ಪಾಠ. ಆದರೂ ಇಪ್ಪತ್ಮೂರನೆಯ ವಯಸ್ಸಿನಲ್ಲಿ ನಾನು ಆ ಗೆರೆಯನ್ನು ಅಳಿಸಿದೆ. ಆಗ ನಗುವುದಕ್ಕೆ ತರಗತಿ ಇರಲಿಲ್ಲ, ಎತ್ತಿ ತೋರಿಸಲು ಉಸ್ತಾದರೂ ಇರಲಿಲ್ಲ.

2003ರ ಮಾತು. ಚಿಕ್ಕಮಗಳೂರು ಜಿಲ್ಲೆಯ ನಮ್ಮೂರಿನಲ್ಲಿ ಒಂದು ಸಂಜೆ ಪತ್ರಿಕೆ ಇತ್ತು. ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನನಗೆ ತಿಂಗಳಿಗೆ ಒಂದೂವರೆ ಸಾವಿರ ಕೊಟ್ಟು ಅಲ್ಲಿ ಸೇರಿಸಿಕೊಂಡರು. ಕಥೆ ಬರೆಯುವ ಹುಡುಗ, ಭಾಷೆ ಚೆನ್ನಾಗಿದೆ ಎಂದು ನನಗೆ ಕ್ರೈಮ್ ಸುದ್ದಿ ವಹಿಸಿದರು. ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಹೋಗುವುದು, ರೈಟರ್ ಎದುರಿನ ಬೆಂಚಿನಲ್ಲಿ ಕೂರುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು, ಹನ್ನೆರಡರೊಳಗೆ ಪ್ರೆಸ್ಸಿಗೆ ಮುಟ್ಟಿಸುವುದು. ಇಷ್ಟೇ ಕೆಲಸ. ರೈಟರ್ ಒಳ್ಳೆಯ ಮನುಷ್ಯ. ಹೋದವರಿಗೆ ಚಹಾ ತರಿಸದೆ ಮಾತು ಶುರು ಮಾಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರು, "ಬರ್ಕೊಳ್ರೀ ಸಾಬ್ರೆ, ಇವತ್ತು ಒಳ್ಳೇ ಐಟಂ ಇದೆ" ಎಂದರು. ಊರಿನ ಕಾಫಿ ಪ್ಲಾಂಟರ್ ಒಬ್ಬರ ಮನೆಯಲ್ಲಿ ಚಿನ್ನದ ಸರ ಕಾಣೆಯಾಗಿತ್ತು. ಹಿಂದಿನ ವಾರ ಆ ಮನೆಗೆ ವೈರಿಂಗ್ ಕೆಲಸಕ್ಕೆ ಹೋಗಿದ್ದ ಎಲೆಕ್ಟ್ರೀಷಿಯನ್ನನ ಜೊತೆ ಒಬ್ಬ ಹುಡುಗನಿದ್ದ. ಹತ್ತೊಂಬತ್ತು ವರ್ಷ. ಅವನನ್ನು ಹಿಂದಿನ ರಾತ್ರಿ ಕರೆತಂದಿದ್ದರು. "ಬಾಯಿ ಬಿಟ್ಟಿದಾನೆ. ಇನ್ನೂ ಎರಡು ಮೂರು ಕೇಸು ಅವನದ್ದೇ ಇರೋ ಹಾಗಿದೆ" ಎಂದರು ರೈಟರ್. ನಾನು ಬರೆದುಕೊಂಡೆ. ಹೆಸರು, ವಯಸ್ಸು, ತಂದೆಯ ಹೆಸರು, ಮಸೀದಿಯ ಹಿಂದಿನ ಬೀದಿ. ಆ ಬೀದಿ ನನ್ನದೂ ಆಗಿತ್ತು. ಹುಡುಗನನ್ನು ನಾನು ಬಲ್ಲೆ. ಬಲ್ಲೆ ಎಂಬ ಕಾರಣಕ್ಕೇ ಬಿಟ್ಟರೆ ತಮ್ಮವನೆಂದು ಬಿಟ್ಟ ಎಂಬ ಮಾತು ಬಂದೀತು ಎನ್ನುವ ಅಂಜಿಕೆಯೂ ನನ್ನೊಳಗೆ ಇತ್ತು. ಹಾಗಾಗಿ ಉಳಿದವರ ಸುದ್ದಿಗಿಂತ ಒಂದು ಸಾಲು ಹೆಚ್ಚೇ ಬರೆದೆ. ಸಂಜೆ ಪತ್ರಿಕೆ ಬಂತು. 'ಖತರ್ನಾಕ್ ಕಳ್ಳನ ಬಂಧನ' ಎಂಬುದು ತಲೆಬರಹ. ಮೇಜಿನ ಹಿಂದೆ ಮೂವರು ಪೇದೆಗಳು, ನಡುವೆ ತಲೆ ತಗ್ಗಿಸಿದ ಹುಡುಗ. ಸುದ್ದಿಯ ಕೊನೆಗೆ ನನ್ನ ಹೆಸರಿಲ್ಲ. 'ಬಲ್ಲ ಮೂಲಗಳಿಂದ ತಿಳಿದುಬಂದಿದೆ' ಎಂದು ಮಾತ್ರ ಇತ್ತು.

ಮೂರನೆಯ ದಿನ ಅಸರ್ ನಮಾಜಿನ ಹೊತ್ತಿಗೆ ಹುಡುಗನ ತಾಯಿ ನಮ್ಮ ಮನೆಗೆ ಬಂದರು. ಬುರ್ಖಾದೊಳಗಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಪತ್ರಿಕೆಯ ತುಂಡೊಂದನ್ನು ತೆಗೆದರು. ಅವರು ಕುರ್‌ಆನ್ ಓದುತ್ತಿದ್ದರು, ಉರ್ದು ಓದುತ್ತಿದ್ದರು. ಕನ್ನಡ ಓದಲು ಬರುತ್ತಿರಲಿಲ್ಲ. "ಯೆ ಕಾಗಜ್ ಮೇ ಮೇರೆ ಬಚ್ಚೆ ಕೊ ಕ್ಯಾ ಕ್ಯಾ ಲಿಖ್ಯೇ ಕೀ, ಜರಾ ಪಢ್ ಕೋ ಬೋಲ್ ಬೇಟಾ" ಎಂದರು. ನನ್ನ ಮಗನ ಬಗ್ಗೆ ಇದರಲ್ಲಿ ಏನೇನು ಬರೆದಿದ್ದಾರೋ, ಸ್ವಲ್ಪ ಓದಿ ಹೇಳಪ್ಪ. ಬೀದಿಯಲ್ಲಿ ಕನ್ನಡ ಚೆನ್ನಾಗಿ ಓದಿದವನು ನಾನೊಬ್ಬನೇ ಎಂದು ಅವರು ನನ್ನಲ್ಲಿಗೆ ಬಂದಿದ್ದರು. ಬರೆದವನೂ ನಾನೇ ಎಂಬುದು ಅವರಿಗೆ ತಿಳಿದಿರಲಿಲ್ಲ.

ನಾನು ಓದಿದೆ. ನಾನೇ ಬರೆದ ವಾಕ್ಯಗಳನ್ನು ಆ ತಾಯಿಯ ಮುಂದೆ ಉರ್ದುವಿಗೆ ತಿರುಗಿಸುತ್ತಾ ಓದಿದೆ. 'ಕಳ್ಳ' ಎಂದು ಇದ್ದಲ್ಲೆಲ್ಲ 'ಮುಲ್ಜಿಮ್' ಎಂದೆ. 'ಒಪ್ಪಿಕೊಂಡಿದ್ದಾನೆ' ಎಂದಿದ್ದಲ್ಲಿ 'ಪೊಲೀಸರು ಕೇಳುತ್ತಿದ್ದಾರೆ' ಎಂದೆ. ಹೆಚ್ಚಿಗೆ ಬರೆದಿದ್ದ ಆ ಒಂದು ಸಾಲನ್ನು ಓದಲೇ ಇಲ್ಲ. ಖಾಲಾ ಎಲ್ಲ ಕೇಳಿಸಿಕೊಂಡು, "ಇಷ್ಟೇನಾ? ಇಷ್ಟಕ್ಕೇ ಜನ ಸಲಾಮ್ ಹೇಳುವುದನ್ನೂ ನಿಲ್ಲಿಸಿದರಾ?" ಎಂದು ಕೇಳಿದರು. ಉಸ್ತಾದರು ಕಲಿಸಿದ ಪಾಠ ನನಗೆ ಚೆನ್ನಾಗಿ ನೆನಪಿತ್ತು. ಬರೆಯುವಾಗ ಮರೆತಿದ್ದೆ, ಓದುವಾಗ ನೆನಪಾಯಿತು.

ಹನ್ನೊಂದು ದಿನಗಳ ನಂತರ ಹುಡುಗ ಬಿಡುಗಡೆಯಾಗಿ ಬಂದ. ಸರ ಪ್ಲಾಂಟರ್ ಮನೆಯೊಳಗಿನ ವ್ಯವಹಾರವಾಗಿತ್ತೆಂದು, ಅವರೇ ದೂರಿನ ಮೇಲೆ ಮುಂದುವರಿಯುವುದು ಬೇಡವೆಂದರೆಂದು ಠಾಣೆಯಲ್ಲಿ ಹೇಳಿದರು. ಹುಡುಗನ ಮೇಲೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗಲೇ ಇಲ್ಲ. ನಾನು ಸಂಪಾದಕರ ಬಳಿ ಹೋಗಿ ಇದನ್ನೂ ಹಾಕೋಣವೇ ಎಂದೆ. "ಕಳ್ಳ ಸಿಕ್ಕಿದ ಅನ್ನೋದು ಸುದ್ದಿ ಕಣಯ್ಯ. ಕಳ್ಳ ಅಲ್ಲ ಅನ್ನೋದು ಏನು ಸುದ್ದಿ?" ಎಂದರು. ನಾನು ಮತ್ತೆ ಕೇಳಲಿಲ್ಲ. ಅಷ್ಟರಲ್ಲಿ ಹುಡುಗನ ಅಕ್ಕನಿಗೆ ಗೊತ್ತಾಗಿದ್ದ ನಿಕಾಹ್ ಮುರಿದು ಹೋಗಿತ್ತು. ಆರು ತಿಂಗಳಲ್ಲಿ ಆ ಕುಟುಂಬ ಊರು ಬಿಟ್ಟಿತು. ಮರು ವರ್ಷ ನಾನೂ ಪತ್ರಿಕೆ ಬಿಟ್ಟು ಶಾಲಾ ಮೇಷ್ಟ್ರಾದೆ.

ಠಾಣೆಯ ಬೆಂಚಿನಲ್ಲಿ ಕೂತು ಎದ್ದವನಾದ್ದರಿಂದ ಆ ವ್ಯವಹಾರ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳಬಲ್ಲೆ. ಪೊಲೀಸರಿಗೆ ಮೇಲಿನವರ ಒತ್ತಡ ಇರುತ್ತದೆ. ಪ್ರಕರಣ ಬೇಗ ಬಗೆಹರಿದಂತೆ ಕಾಣಬೇಕು. ನ್ಯಾಯಾಲಯದಲ್ಲಿ ಸಾಬೀತಾಗಲು ವರ್ಷಗಳು ಬೇಕು, ಪತ್ರಿಕೆಯಲ್ಲಿ ಸಾಬೀತಾಗಲು ಒಂದು ಚಹಾ ಸಾಕು. ವರದಿಗಾರನಿಗೆ ದಿನವೂ ಸುದ್ದಿ ಬೇಕು, ಅದೂ ಪಕ್ಕದ ಪತ್ರಿಕೆಯವನಿಗಿಂತ ಮೊದಲು ಬೇಕು. ಇವತ್ತು ರೈಟರ್ ಹೇಳಿದ್ದನ್ನು ಪ್ರಶ್ನಿಸಿದರೆ ನಾಳೆ ಆ ಬೆಂಚಿನಲ್ಲಿ ಜಾಗ ಇರುವುದಿಲ್ಲ. ಕೊಡುವವನ ಹೆಸರು ಬರುವುದಿಲ್ಲ, ಬರೆಯುವವನ ಹೆಸರೂ ಬರುವುದಿಲ್ಲ. ಇಡೀ ಸುದ್ದಿಯಲ್ಲಿ ಹೆಸರು ಇರುವುದು ಒಬ್ಬನದ್ದೇ, ಮಾತಾಡಲು ಅವಕಾಶ ಇಲ್ಲದೆ ಕಂಬಿಯ ಹಿಂದೆ ನಿಂತಿರುವವನದು.

ನಮ್ಮ ಸಣ್ಣ ಊರಿನ ಈ ಬೆಂಚೇ ದೊಡ್ಡ ದೇಶಗಳಲ್ಲೂ ಇದೆ ಎಂದು ನನಗೆ ಗೊತ್ತಾಗಿದ್ದು 2007ರ ಜುಲೈ ತಿಂಗಳಿನಲ್ಲಿ. ಅಲ್ಲಿಯವರೆಗೆ ಮೂಡಿಗೆರೆ ಎಂದರೆ ಕನ್ನಡಿಗರಿಗೆ ತೇಜಸ್ವಿಯವರ ಊರು. ಆ ವರ್ಷ ಏಪ್ರಿಲ್ 5ರಂದು ಅವರು ತೀರಿಕೊಂಡಿದ್ದರು. ಮೂರು ತಿಂಗಳು ಕಳೆಯುವುದರೊಳಗೆ ಆ ಊರಿನ ಹೆಸರು ಟಿವಿಯಲ್ಲಿ ಬೇರೆಯೇ ಕಾರಣಕ್ಕೆ ಓಡತೊಡಗಿತು. ಅಲ್ಲಿ ಬೆಳೆದು, ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ 27 ವರ್ಷದ ಡಾ. ಮೊಹಮ್ಮದ್ ಹನೀಫ್ ಅವರನ್ನು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದ್ದರು. ಅದಕ್ಕೆ ಎರಡು ದಿನ ಮೊದಲು ಸ್ಕಾಟ್‌ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪನ್ನು ನುಗ್ಗಿಸಿದವರಲ್ಲಿ ಒಬ್ಬ ಬೆಂಗಳೂರಿನ ಎಂಜಿನಿಯರ್ ಕಫೀಲ್ ಅಹ್ಮದ್. ಆತ ಹನೀಫರ ದೂರದ ಸೋದರ ಸಂಬಂಧಿ. ಇಂಗ್ಲೆಂಡ್ ಬಿಡುವಾಗ ಹನೀಫ್ ತಮ್ಮ ಮೊಬೈಲಿನ ಸಿಮ್ ಕಾರ್ಡನ್ನು ಕಫೀಲನ ತಮ್ಮ ಸಬೀಲನಿಗೆ ಕೊಟ್ಟು ಬಂದಿದ್ದರು. ನಂಟಿನ ಮೇಲೆ ಈ ಸಿಮ್ ಕಾರ್ಡ್, ಅದರ ಮೇಲೆ ಭಾರತಕ್ಕೆ ಹೋಗುವ ಒಂದು ಕಡೆಯ ಟಿಕೆಟ್. ಕಥೆ ಕಟ್ಟಲು ಇಷ್ಟು ಸಾಕಾಗಿತ್ತು.

ಸಿಮ್ ಕಾರ್ಡ್ ಗ್ಲಾಸ್ಗೋದ ಉರಿದ ಜೀಪಿನಲ್ಲಿ ಸಿಕ್ಕಿತೆಂದು ಪ್ರಾಸಿಕ್ಯೂಷನ್ ನ್ಯಾಯಾಲಯಕ್ಕೇ ಹೇಳಿತು. ಜೀಪಿನಲ್ಲಿ ಸಿಮ್ ಇತ್ತು ಎಂದ ಮೇಲೆ ಜನರಿಗೆ ಇನ್ನೇನು ಬೇಕು? ಜುಲೈ 20ರಂದು ಆಸ್ಟ್ರೇಲಿಯಾದ ಎಬಿಸಿ ವಾಹಿನಿ ನಿಜವನ್ನು ಹೊರಗೆ ಹಾಕಿತು. ಆ ಸಿಮ್ ಜೀಪಿನಲ್ಲಿ ಇರಲೇ ಇಲ್ಲ. ಸುಮಾರು 300 ಕಿಲೋಮೀಟರ್ ದೂರದ ಲಿವರ್‌ಪೂಲಿನಲ್ಲಿ, ಕೊಟ್ಟವನ ಬಳಿಯಲ್ಲೇ ಇತ್ತು. ಇಷ್ಟಾದರೂ ಕಥೆ ನಿಲ್ಲಲಿಲ್ಲ. ಹನೀಫ್ ಗೋಲ್ಡ್ ಕೋಸ್ಟಿನ ಕಟ್ಟಡವೊಂದನ್ನು ಉರುಳಿಸಲು ಹೊರಟಿದ್ದರೇ ಎಂಬ ತನಿಖೆ ನಡೆದಿದೆ ಎಂದು ಪತ್ರಿಕೆಯಲ್ಲಿ ಬಂತು. ಪೊಲೀಸ್ ಇಲಾಖೆ ಅಲ್ಲಗಳೆಯಿತು. ಹಾಗಾದರೆ ಪತ್ರಿಕೆಗೆ ಹೇಳಿದವರು ಯಾರು? ಹೆಸರಿಲ್ಲ. ಇತ್ತ ಬೆಂಗಳೂರಿನಲ್ಲಿ ಅವರ ಕುಟುಂಬದ ಮನೆಯ ಮುಂದೆ ಕ್ಯಾಮೆರಾಗಳ ಸಾಲು. ಒಳಗೆ ಹೆತ್ತು ಕೆಲವೇ ದಿನಗಳಾಗಿದ್ದ ಬಾಣಂತಿ, ಅಪ್ಪನ ಮುಖ ನೋಡದ ಕೂಸು. ನಮ್ಮ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯ ಟಿವಿಯಲ್ಲಿ ಆ ಬಾಗಿಲನ್ನು ಎಷ್ಟೋ ಸಲ ನೋಡಿದೆ. ಆ ಬಾಗಿಲಿನ ಆಚೆ ಯಾರೋ ಒಬ್ಬ ತಾಯಿ ಯಾರ ಬಳಿಯೋ ಪತ್ರಿಕೆ ಓದಿಸಿಕೊಳ್ಳುತ್ತಿರಬಹುದು ಎನ್ನಿಸುತ್ತಿತ್ತು.

ಆ ಪ್ರಕರಣದಲ್ಲಿ ಇನ್ನೊಂದು ಸೋರಿಕೆಯೂ ಆಯಿತು. ಜುಲೈ 16ರಂದು ಮ್ಯಾಜಿಸ್ಟ್ರೇಟರು ಹನೀಫರಿಗೆ 10,000 ಡಾಲರ್ ಮೇಲೆ ಜಾಮೀನು ಕೊಟ್ಟಿದ್ದರು. ಅದೇ ದಿನ ಅಲ್ಲಿನ ವಲಸೆ ಸಚಿವ ಕೆವಿನ್ ಆಂಡ್ರೂಸ್ ಅವರ ವೀಸಾ ರದ್ದು ಮಾಡಿ ಬಿಡುಗಡೆಯನ್ನು ತಡೆದರು. ಎರಡು ದಿನಗಳ ನಂತರ ಪೊಲೀಸ್ ವಿಚಾರಣೆಯ 142 ಪುಟಗಳ ದಾಖಲೆ 'ದಿ ಆಸ್ಟ್ರೇಲಿಯನ್' ಪತ್ರಿಕೆಯಲ್ಲಿ ಬಂತು. ಯಾರು ಕೊಟ್ಟರು ಎಂದು ಗದ್ದಲವೆದ್ದಿತು. ಹನೀಫರ ವಕೀಲ ಸ್ಟೀಫನ್ ಕೀಮ್ ಮುಂದೆ ಬಂದು, ಕೊಟ್ಟವನು ನಾನು ಎಂದು ಒಪ್ಪಿಕೊಂಡರು. ಟಿಕೆಟ್ ಒಂದು ಕಡೆಯದ್ದೇಕೆ ಎಂಬುದಕ್ಕೆ ಹನೀಫ್ ವಿವರಣೆಯನ್ನೇ ಕೊಡಲಿಲ್ಲ ಎಂದು ಪೊಲೀಸರು ಪ್ರಮಾಣಪತ್ರದಲ್ಲಿ ಹೇಳಿದ್ದರು. ದಾಖಲೆಯಲ್ಲಿ ಅವರು ವಿವರಣೆ ಕೊಟ್ಟಿದ್ದರು. ಟಿಕೆಟ್ ತೆಗೆಸಿದವರು ಮಾವ, ಹೋಗಿ ಮಗುವನ್ನು ನೋಡಿ ಮರಳುವಾಗಿನ ಟಿಕೆಟನ್ನು ಆಮೇಲೆ ತೆಗೆಯುವುದೆಂದಿತ್ತು. ಸಿಮ್ ವಿಷಯ ತಿಳಿದ ಕೂಡಲೇ ಬ್ರಿಟಿಷ್ ಪೊಲೀಸ್ ಅಧಿಕಾರಿಗೆ ತಾವಾಗಿಯೇ ಫೋನ್ ಮಾಡಲು ಪ್ರಯತ್ನಿಸಿದ್ದನ್ನೂ ಅವರು ಹೇಳಿದ್ದರು. ಕೀಮ್ ಮೇಲೆ ಫೆಡರಲ್ ಪೊಲೀಸ್ ಮುಖ್ಯಸ್ಥರು ದೂರು ಕೊಟ್ಟರು. ಆ ದೂರು ನಿಲ್ಲಲಿಲ್ಲ.

ಜುಲೈ 27ರಂದು ಆರೋಪ ಹಿಂತೆಗೆದುಕೊಂಡರು. 2008ರ ಡಿಸೆಂಬರ್‌ನಲ್ಲಿ ಪ್ರಕಟವಾದ ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ಅವರ ವಿಚಾರಣಾ ವರದಿ ಹನೀಫ್ ಮೇಲೆ ಆರೋಪ ಹೊರಿಸಬಾರದಿತ್ತು ಎಂದಿತು. 2010ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರಿಹಾರ ಕೊಟ್ಟಿತು. ನನಗೆ ಈ ಪ್ರಕರಣದಲ್ಲಿ ಇವತ್ತಿಗೂ ದೊಡ್ಡದಾಗಿ ಕಾಣುವುದು ಎರಡು ಸೋರಿಕೆಗಳ ನಡುವಿನ ವ್ಯತ್ಯಾಸ. ಒಂದಕ್ಕೆ ವಾರಸುದಾರ ಇರಲಿಲ್ಲ. ಅದು ಸುಳ್ಳೆಂದು ಗೊತ್ತಾದ ಮೇಲೂ ಹಿಡಿದು ಕೇಳಲು ಯಾರೂ ಸಿಗಲಿಲ್ಲ. ಇನ್ನೊಂದಕ್ಕೆ ಹೆಸರಿತ್ತು. ಅದನ್ನು ಮಾಡಿದವನು ತನ್ನ ವಕೀಲಿಕೆಯನ್ನೇ ಪಣಕ್ಕಿಟ್ಟು, ಬೇಕಾದರೆ ನನ್ನನ್ನು ಕೇಳಿ ಎಂದು ನಿಂತಿದ್ದ.

ಇದು ನಮಗೆ ಹೊಸ ಪಾಠವಲ್ಲ. ಮದರಸಾದ ಮೆಟ್ಟಿಲು ಹತ್ತಿದ ಯಾವ ಮಗುವಿಗೂ ಹದೀಸಿನ ಸನದು ಎಂದರೆ ಏನೆಂದು ಗೊತ್ತು. ಪ್ರವಾದಿಯವರ ಮಾತೆಂದು ಯಾರಾದರೂ ಹೇಳಿದರೆ, ನೀನು ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂದು ಒಂದೊಂದೇ ಕೊಂಡಿಯನ್ನು ಹಿಡಿದು ವಿದ್ವಾಂಸರು ಹಿಂದೆ ಹೋಗುತ್ತಿದ್ದರು. ಹೇಳಿದವರ ನೆನಪಿನ ಶಕ್ತಿ ಹೇಗಿತ್ತು, ನಡತೆ ಹೇಗಿತ್ತು ಎಂದು ಗ್ರಂಥಗಳನ್ನೇ ಬರೆದರು. ಕೊಂಡಿ ತಪ್ಪಿದರೆ ಮಾತು ಎಷ್ಟೇ ಚೆಂದವಿದ್ದರೂ ಅದಕ್ಕೆ 'ದುರ್ಬಲ' ಎಂಬ ಮುದ್ರೆ ಬಿತ್ತು. ಪುಣ್ಯದ ಮಾತಿಗೇ ಇಷ್ಟು ಪರೀಕ್ಷೆ ಇಟ್ಟ ಪರಂಪರೆಯಿಂದ ಬಂದ ನಾನು, ಒಬ್ಬ ಹುಡುಗನ ಮಾನದ ಮಾತಿಗೆ 'ಬಲ್ಲ ಮೂಲಗಳು' ಎಂಬ ಎರಡು ಪದಗಳನ್ನು ಸಾಕೆಂದುಕೊಂಡೆ.

ಇದು ಮುಸ್ಲಿಮರಿಗೆ ಮಾತ್ರ ಆಗುವ ಅನ್ಯಾಯ ಎಂದು ನಾನು ಹೇಳುತ್ತಿಲ್ಲ. 2008ರ ಮೇ 16ರಂದು ದಿಲ್ಲಿ ಪಕ್ಕದ ನೋಯ್ಡಾದಲ್ಲಿ ಆರುಷಿ ಎಂಬ ಹುಡುಗಿಯ ಕೊಲೆಯಾಯಿತು. ಮನೆಗೆಲಸದ ಹೇಮರಾಜ್ ಕಾಣೆಯಾಗಿದ್ದ. ಕೊಲೆಗಾರ ಅವನೇ ಎಂದು ಪೊಲೀಸರು ಅವನನ್ನು ಹುಡುಕಲು ಹೊರಟರು, ಸುದ್ದಿಯೂ ಹಾಗೆಯೇ ಹರಡಿತು. ಮರುದಿನ ಅದೇ ಮನೆಯ ತಾರಸಿಯ ಮೇಲೆ ಹೇಮರಾಜನ ಹೆಣ ಸಿಕ್ಕಿತು. ದೇಶವೆಲ್ಲ ಅವನನ್ನು ಕೊಲೆಗಾರ ಎನ್ನುತ್ತಿದ್ದಾಗ ಆ ಬಡ ನೇಪಾಳಿ ತಾನೇ ಕೊಲೆಯಾಗಿ ಬಿದ್ದಿದ್ದ. ಅಷ್ಟಕ್ಕೂ ಯಾರೂ ನಾಚಿಕೊಳ್ಳಲಿಲ್ಲ. ಮುಂದೆ ಪತ್ರಿಕಾಗೋಷ್ಠಿಗಳಲ್ಲಿ ಸತ್ತ ಹುಡುಗಿಯ ನಡತೆಯ ಬಗ್ಗೆಯೂ, ತಂದೆಯ ಖಾಸಗಿ ಬದುಕಿನ ಬಗ್ಗೆಯೂ ಮಾತು ಬಂತು. ತಂದೆತಾಯಿಗೆ 2013ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 2017ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಅವರನ್ನು ಖುಲಾಸೆ ಮಾಡಿತು.

ಆದರೆ ಹೆಸರು ಮುಸ್ಲಿಮನದಾದಾಗ ಸುದ್ದಿಗೆ ಇನ್ನೊಂದು ರುಚಿ ಸೇರಿಕೊಳ್ಳುತ್ತದೆ ಎಂಬುದೂ ಸುಳ್ಳಲ್ಲ. 2012ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಹಲವು ಯುವಕರ ಬಂಧನವಾಯಿತು. ಅವರಲ್ಲೊಬ್ಬರು ಬೆಂಗಳೂರಿನ ಇಂಗ್ಲಿಷ್ ದೈನಿಕದ ವರದಿಗಾರ ಮುತೀಉರ್ ರೆಹಮಾನ್ ಸಿದ್ದೀಕಿ. ನಿನ್ನೆಯವರೆಗೆ ಪಕ್ಕದ ಕುರ್ಚಿಯಲ್ಲಿ ಕೂತು ವರದಿ ಮಾಡುತ್ತಿದ್ದವನು ರಾತ್ರಿ ಕಳೆಯುವುದರೊಳಗೆ ಕೆಲವರ ಬರಹದಲ್ಲಿ ಸಂಚಿನ ಸೂತ್ರಧಾರನಾದ. ಆರು ತಿಂಗಳ ನಂತರ ರಾಷ್ಟ್ರೀಯ ತನಿಖಾ ದಳದ ದೋಷಾರೋಪ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. 2013ರ ಫೆಬ್ರವರಿ 25ರಂದು ಅವರು ಜೈಲಿನಿಂದ ಹೊರಬಂದರು. ಅದೇ ಪ್ರಕರಣದ ಬೇರೆ ಹಲವು ಆರೋಪಿಗಳು ಮುಂದೆ ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಿದ್ದನ್ನೂ ಹೇಳಬೇಕು. ಹನೀಫರ ಬಂಧುವಾದ ಕಫೀಲ್ ನಿಜಕ್ಕೂ ಆ ಜೀಪಿನಲ್ಲಿದ್ದ, ಸುಟ್ಟ ಗಾಯಗಳಿಂದ ಸತ್ತ. ಇವನ್ನು ಮುಚ್ಚಿಟ್ಟು ನಾನು ವಾದ ಮಾಡಲಾರೆ. ನನ್ನ ಮಾತು ಇಷ್ಟೆ: ಕಾಳು ಯಾವುದು, ಜೊಳ್ಳು ಯಾವುದು ಎಂದು ಕೇರಿ ಹೇಳುವ ಮೊರ ನ್ಯಾಯಾಲಯದ ಕೈಯಲ್ಲಿದೆ. ಕೇರುವ ಮೊದಲೇ ಎಲ್ಲವನ್ನೂ ಬೀದಿಗೆ ಸುರಿದರೆ ಆಮೇಲೆ ಆರಿಸಲು ಏನೂ ಉಳಿಯುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ಉಸ್ತಾದರ ಹಾಗೆಯೇ ಗೆರೆ ಎಳೆದಿದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ 23ನೇ ಕಲಂ ಅದನ್ನೇ ಹೇಳುತ್ತದೆ. ಆ ಹೇಳಿಕೆಯಿಂದ ಪತ್ತೆಯಾದ ವಸ್ತುವಿನ ಮಟ್ಟಿಗೆ ಮಾತ್ರ ವಿನಾಯಿತಿ. ಬ್ರಿಟಿಷರ ಕಾಲದಲ್ಲೇ ಇಂಥ ನಿಯಮ ಬಂದದ್ದೇಕೆ? ಠಾಣೆಯ ನಾಲ್ಕು ಗೋಡೆಗಳ ನಡುವೆ 'ಬಾಯಿ ಬಿಡುವುದು' ಹೇಗೆ ನಡೆಯುತ್ತದೆ ಎಂದು ಅವರಿಗೂ ಗೊತ್ತಿತ್ತು. ಅಂದರೆ ನ್ಯಾಯಾಧೀಶರು ಯಾವ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ಕಾನೂನು ಹೇಳುತ್ತದೆಯೋ ಅದೇ ಮಾತು ನಮ್ಮ ಮನೆಯ ಟಿವಿಯಲ್ಲಿ ಮೊದಲ ಸಾಕ್ಷಿಯಾಗಿ ಬಂದು ಕೂರುತ್ತದೆ.

ಕೇಂದ್ರ ಗೃಹ ಸಚಿವಾಲಯ 2010ರ ಏಪ್ರಿಲ್‌ನಲ್ಲಿಯೇ ರಾಜ್ಯಗಳಿಗೆ ಸಲಹೆ ಕಳಿಸಿತ್ತು. ಗೊತ್ತುಪಡಿಸಿದ ಅಧಿಕಾರಿಗಳು ಮಾತ್ರ ಮಾಧ್ಯಮದ ಜೊತೆ ಮಾತಾಡಬೇಕು, ತೀರ್ಪು ಕೊಟ್ಟಂತೆ ಮಾತಾಡಬಾರದು, ಬಂಧಿತರನ್ನು ಕ್ಯಾಮೆರಾ ಮುಂದೆ ಮೆರವಣಿಗೆ ಮಾಡಬಾರದು. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪೊಲೀಸರು ಮಾಧ್ಯಮಕ್ಕೆ ಮಾಹಿತಿ ಕೊಡುವ ಬಗ್ಗೆ ಸಮಗ್ರ ಕೈಪಿಡಿಯನ್ನು ಮೂರು ತಿಂಗಳಲ್ಲಿ ಸಿದ್ಧಪಡಿಸಲು ಅದೇ ಸಚಿವಾಲಯಕ್ಕೆ ಸೂಚಿಸಿತು. 2010ರ ಸಲಹೆ ಠಾಣೆಗಳನ್ನು ಮುಟ್ಟಿದ್ದರೆ ಹದಿಮೂರು ವರ್ಷಗಳ ಮೇಲೆ ಹೀಗೆ ಹೇಳಬೇಕಾಗುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿ 2024ರಲ್ಲಿ ಕೊಲೆ ಪ್ರಕರಣದ ಆರೋಪಿಯಾದ ಹೆಸರಾಂತ ನಟ ದರ್ಶನ್ ಹೈಕೋರ್ಟಿಗೆ ಹೋದಾಗ, ದೋಷಾರೋಪ ಪಟ್ಟಿಯ ಗೋಪ್ಯ ವಿವರಗಳನ್ನು ಪ್ರಕಟಿಸದಂತೆ ಮಾಧ್ಯಮಗಳಿಗೆ ತಡೆ ಬಿತ್ತು. ಹಾಗೆ ಕೇಳುವುದು ಅವರ ಹಕ್ಕು. ಆರೋಪ ಎಷ್ಟೇ ಘೋರವಾಗಿದ್ದರೂ ಆರೋಪಿಗೆ ಆ ಹಕ್ಕು ಇರಬೇಕು. ಆದರೆ ವೈರಿಂಗ್ ಕೆಲಸದ ಹುಡುಗನ ತಾಯಿ ಹೈಕೋರ್ಟಿಗೆ ಹೋಗುವುದು ಹೇಗೆ? ಅವರು ನಮ್ಮ ಮನೆಯವರೆಗೆ ಬರುವಷ್ಟರಲ್ಲಿಯೇ ಮೂರು ದಿನ ಕಳೆದಿತ್ತು.

ಹಾಗಾದರೆ ಪತ್ರಿಕೆಗಳ ಬಾಯಿ ಮುಚ್ಚಿಸಬೇಕೆ? ನಾನು ಹಾಗೆ ಹೇಳಲಾರೆ. ಹನೀಫ್ ಪ್ರಕರಣ ಮುಗಿದ ಮೇಲೆ, 2008ರ ಜನವರಿಯಲ್ಲಿ, ಅಲ್ಲಿನ ಪೊಲೀಸ್ ಮುಖ್ಯಸ್ಥ ಮಿಕ್ ಕೀಲ್ಟಿ ಇಂಥ ಪ್ರಕರಣಗಳು ನ್ಯಾಯಾಲಯದಲ್ಲಿ ಮುಗಿಯುವವರೆಗೆ ಮಾಧ್ಯಮಗಳು ಮೌನವಾಗಿರಬೇಕು ಎಂದು ಭಾಷಣದಲ್ಲಿ ಸಲಹೆ ಮಾಡಿದರು. ಆ ಮೌನ 2007ರ ಜುಲೈನಲ್ಲಿ ಇದ್ದಿದ್ದರೆ ಸಿಮ್ ಕಾರ್ಡ್ ಇವತ್ತಿಗೂ ಉರಿದ ಜೀಪಿನಲ್ಲೇ ಇರುತ್ತಿತ್ತು. ಸುಳ್ಳನ್ನು ಹೊತ್ತದ್ದೂ ಪತ್ರಿಕೆ, ಸುಳ್ಳನ್ನು ಬಯಲಿಗೆಳೆದದ್ದೂ ಪತ್ರಿಕೆ. ಲಾಕಪ್ಪಿನಲ್ಲಿ ನಡೆಯುವ ಸಾವುಗಳು ನಮಗೆ ಗೊತ್ತಾಗುವುದೂ ಯಾರೋ ಒಬ್ಬ ಪೇದೆ ಅಂಜುತ್ತಾ ಯಾರೋ ಒಬ್ಬ ವರದಿಗಾರನ ಕಿವಿಯಲ್ಲಿ ಹೇಳಿದಾಗ. ಅಧಿಕಾರದಲ್ಲಿ ಇರುವವರ ತಪ್ಪನ್ನು ಹೇಳುವವನಿಗೆ ಹೆಸರು ಮರೆಸಿಕೊಳ್ಳುವ ಅಗತ್ಯವಿದೆ. ಕೈಕೋಳ ಹಾಕಿಸಿಕೊಂಡವನ ಮೇಲೆ ಮಾತಾಡುವ ಅಧಿಕಾರಿಗೆ ಏನು ಭಯ? ಅವನು ಹೆಸರು ಹೇಳಲಿ, ಹುದ್ದೆ ಹೇಳಲಿ, ಸುಳ್ಳಾದರೆ ಉತ್ತರ ಕೊಡಲಿ. ಬಂಧನದ ಸುದ್ದಿ ಮೊದಲ ಪುಟದಲ್ಲಿ ಬಂದಿದ್ದರೆ ಬಿಡುಗಡೆಯ ಸುದ್ದಿಯೂ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಬರಲಿ.

ಇನ್ನೊಂದು ಮಾತು ನಮ್ಮವರಿಗೇ ಹೇಳಬೇಕು. ಆ ಹುಡುಗನ ಅಕ್ಕನ ನಿಕಾಹ್ ಮುರಿದವರು ಪೊಲೀಸರಲ್ಲ, ಟಿವಿಯವರಲ್ಲ. ಅದೇ ಮಸೀದಿಯಲ್ಲಿ ನಮ್ಮ ಪಕ್ಕ ನಿಂತು ನಮಾಜು ಮಾಡುತ್ತಿದ್ದ ಬೀಗರು. ಸಲಾಮ್ ನಿಲ್ಲಿಸಿದವರು ನಮ್ಮ ಬೀದಿಯವರು. ಗುಮಾನಿಯ ಬೆನ್ನು ಹತ್ತಬಾರದು, ಸುದ್ದಿ ತಂದವನನ್ನು ಪರೀಕ್ಷಿಸದೆ ನಂಬಬಾರದು ಎಂದು ಶುಕ್ರವಾರದ ಖುತ್ಬಾದಲ್ಲಿ ಕೇಳಿ ತಲೆದೂಗುವ ನಾವು, ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಮೊಬೈಲಿನಲ್ಲಿ ಬಂದದ್ದನ್ನು ಹತ್ತು ಜನಕ್ಕೆ ದಾಟಿಸಿರುತ್ತೇವೆ. ಈಗ ಎಲ್ಲರ ಕೈಯಲ್ಲೂ ಒಂದೊಂದು ಸಂಜೆ ಪತ್ರಿಕೆ ಇದೆ.

ಮೂರು ವರ್ಷಗಳ ಹಿಂದೆ ಹಾಸನದಲ್ಲಿ ನೆಂಟರ ಮದುವೆಯಲ್ಲಿ ಆ ಹುಡುಗ ಸಿಕ್ಕಿದ. ಹುಡುಗನೇನು, ನಲವತ್ತರ ಹತ್ತಿರದ ಗೃಹಸ್ಥ. ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು. ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದೇನೆ ಎಂದ. ಅಕ್ಕನಿಗೆ ತಡವಾಗಿ ಮದುವೆಯಾಯಿತಂತೆ. ಖಾಲಾ ತೀರಿಕೊಂಡು ಎಂಟು ವರ್ಷವಾಗಿತ್ತು. ಒಂದೇ ದಸ್ತರ್‌ಖಾನಿನಲ್ಲಿ ಕೂತು ಉಂಡೆವು. ಕೈ ತೊಳೆಯುವಲ್ಲಿ ನಾನು ಧೈರ್ಯ ಮಾಡಿ, "ಆ ಸುದ್ದಿ ಬರೆದವನು ನಾನು" ಎಂದೆ. ಅವನು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಗೊತ್ತು ಭಾಯ್" ಎಂದ.

"ಅವತ್ತು ಬೆಳಿಗ್ಗೆ ನೀವು ಬೆಂಚಿನಲ್ಲಿ ಕೂತು ಚಹಾ ಕುಡೀತಿದ್ರಲ್ಲ, ನಾನು ಒಳಗಿಂದ ನೋಡ್ತಿದ್ದೆ. ನಮ್ಮ ಬೀದಿಯವರು ಬಂದ್ರು ಅಂತ ಖುಷಿಯಾಯ್ತು. ಎದ್ದು ಬಂದು ನನ್ನನ್ನೂ ಒಂದು ಮಾತು ಕೇಳ್ತೀರಿ ಅಂತ ಕಾದೆ. ನೀವು ಬರ್ಕೊಂಡು ಹೊರಟು ಹೋದ್ರಿ. ಅಮ್ಮಿಗೆ ನಾನು ಹೇಳಲಿಲ್ಲ. ನೀವೇ ಓದಿ ಹೇಳಿದ್ರಿ ಅಂತ ಸಾಯೋವರೆಗೆ ನಿಮಗೆ ದುವಾ ಮಾಡ್ತಿದ್ರು."

ಎಷ್ಟೋ ಹೊತ್ತು ನನಗೆ ಮಾತು ಬರಲಿಲ್ಲ. ಆಮೇಲೆ, ಈಗಲಾದರೂ ಇದನ್ನು ಬರೆಯುತ್ತೇನೆ, ನೀನು ಕಳ್ಳನಲ್ಲ ಎ೦ದು ನಿನ್ನ ಹೆಸರು ಹಾಕಿಯೇ ಬರೆಯುತ್ತೇನೆ ಎಂದೆ. ಅವನು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡ.

"ಬೇಡ ಭಾಯ್, ಹೆಸರು ಹಾಕಬೇಡಿ. ಮಗಳು ಪಿಯುಸಿ ಓದ್ತಿದಾಳೆ. ಮೊಬೈಲಿನಲ್ಲಿ ಎಲ್ಲರ ಹೆಸರೂ ಹೊಡೆದು ನೋಡ್ತಾರೆ ಈಗಿನ ಮಕ್ಕಳು. ಕಳ್ಳ ಅಲ್ಲ ಅಂತ ಬರೆದ್ರೂ ಕಳ್ಳ ಅನ್ನೋ ಪದ ನನ್ನ ಹೆಸರಿನ ಪಕ್ಕದಲ್ಲಿ ಬಂದೇ ಬರುತ್ತಲ್ಲ."

ಹಾಗಾಗಿ ಇಲ್ಲಿ ಅವನ ಹೆಸರಿಲ್ಲ, ಊರಿನ ಹೆಸರೂ ಇಲ್ಲ. 2003ರಲ್ಲಿ ಬರಬೇಕಾಗಿದ್ದ ಸುದ್ದಿ ಇದು: ಆ ಹುಡುಗ ಸರ ಕದ್ದಿರಲಿಲ್ಲ. ಅವನನ್ನು ಒಂದು ಮಾತೂ ಕೇಳದೆ ಕದ್ದನೆಂದು ಬರೆದವನ ಹೆಸರು ಈ ಲೇಖನದ ಮೇಲಿದೆ.